ಇಬ್ಬರು, ಒಂದು ಸೈಕಲ್, ಡರ್ಬಿಶೈರ್‌ನ ಏರುಗಳು

ಇಂಗ್ಲೆಂಡಿನ ಬೆಟ್ಟ ಎಂದರೆ ನಮ್ಮ ಕಡೆಯವರು ಕೊಂಚ ಉದಾಸೀನವಾಗಿಯೇ ಕೇಳಿಸಿಕೊಳ್ಳುತ್ತಾರೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಇಂಗ್ಲೆಂಡಿನ ನಟ್ಟನಡುವಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಕಿಂಡರ್ ಸ್ಕೌಟ್ 636 ಮೀಟರ್. ಇದೂ ಒಂದು ಬೆಟ್ಟವೇ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿ ಸೈಕಲ್ ಹತ್ತಿದವರಿಗೆ ಅರ್ಧ ಗಂಟೆಯೊಳಗೆ ಲೆಕ್ಕ ತಲೆಕೆಳಗಾಗುತ್ತದೆ. ಆಗುಂಬೆ ಘಾಟಿ ತನ್ನ 14 ತಿರುವುಗಳಲ್ಲಿ ಏರನ್ನು ಹಂಚಿ ಹಂಚಿ ಕೊಡುತ್ತದೆ. ನಂದಿಬೆಟ್ಟದ ರಸ್ತೆಯೂ ಸುತ್ತಿ ಬಳಸಿ ಮೇಲೆ ಕರೆದೊಯ್ಯುತ್ತದೆ. ಈ ಬೆಟ್ಟಗಳಿರುವ ಡರ್ಬಿಶೈರ್‌ನ ಹಳ್ಳಿದಾರಿಗೆ ಅಂಥ ದಾಕ್ಷಿಣ್ಯವಿಲ್ಲ. ಹೇರು ಹೊತ್ತ ಕುದುರೆಗಳು ನಡೆಯುತ್ತಿದ್ದ ಕಾಲದ ದಾರಿಗಳವು. ಹೊಳೆಯ ದಂಡೆಯಿಂದ ಮೇಲಿನ ಬಯಲಿಗೆ ನೇರ ಹತ್ತಿಬಿಡುತ್ತವೆ. ಮೇಲೆ ಬಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಕಣಿವೆ, ಇನ್ನೊಂದು ಇಳಿಜಾರು, ಮತ್ತೆ ಅಷ್ಟೇ ಏರು.

ಇಂಥ ಜಾಗಕ್ಕೆ ಗಂಡ ಹೆಂಡತಿ ಇಬ್ಬರೂ ಒಂದೇ ಟ್ಯಾಂಡೆಮ್, ಅಂದರೆ ಇಬ್ಬರು ತುಳಿಯುವ ಜೋಡಿ ಸೈಕಲ್, ಏರಿ ರಜೆಗೆ ಹೋಗುವುದು ಹುಚ್ಚು ಸಾಹಸವೇನಲ್ಲ. ಬ್ರಿಟನ್ನಿನಲ್ಲಿ ಜೋಡಿ ಸೈಕಲ್ ಪ್ರಿಯರಿಗಾಗಿ 1971ರಿಂದಲೂ ಟ್ಯಾಂಡೆಮ್ ಕ್ಲಬ್ ಇದೆ. ಎಪ್ಪತ್ತು ದಾಟಿದ ದಂಪತಿಗಳೂ ಟ್ಯಾಂಡೆಮ್‌ನಲ್ಲಿ ಸುತ್ತುತ್ತಾರೆ. ಅವರನ್ನು ಕಾಪಾಡುವುದು ತೊಡೆಯ ಬಲಕ್ಕಿಂತ ಹೆಚ್ಚಾಗಿ ದಾರಿಯ ಆಯ್ಕೆ. ಎಷ್ಟು ಕಿಲೋಮೀಟರ್ ಎಂಬುದಕ್ಕಿಂತ ಎಷ್ಟು ಸಲ ಕಣಿವೆಗೆ ಇಳಿದು ಹತ್ತಬೇಕು ಎಂದು ಮೊದಲು ನೋಡುವವರಿಗೆ ರಜೆ ರಜೆಯಾಗಿ ಉಳಿಯುತ್ತದೆ. ಕಿಲೋಮೀಟರ್ ಎಣಿಸಿ ಯೋಜನೆ ಹಾಕಿದವರು ಮೂರನೆಯ ದಿನ ಸೈಕಲ್ ತಳ್ಳುತ್ತಾ ಒಬ್ಬರನ್ನೊಬ್ಬರು ದೂರುತ್ತಿರುತ್ತಾರೆ.

ಯಾವ ಬೆಟ್ಟ, ಯಾವ ದಾರಿ

ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ, 1951ರಲ್ಲಿ ಘೋಷಣೆಯಾಯಿತು. ಅದಕ್ಕೂ ಮೊದಲು, 1932ರ ಏಪ್ರಿಲ್‌ನಲ್ಲಿ, ಸುತ್ತಲಿನ ಕೈಗಾರಿಕಾ ಊರುಗಳ ಯುವಕ ಯುವತಿಯರು ಜಮೀನ್ದಾರರ ನಿರ್ಬಂಧ ಮೀರಿ ಕಿಂಡರ್ ಸ್ಕೌಟ್ ಹತ್ತಿ, ಅವರಲ್ಲಿ ಕೆಲವರು ಜೈಲಿಗೂ ಹೋಗಿದ್ದರು. ಉದ್ಯಾನದಲ್ಲಿ ಎರಡು ಬಗೆಯ ನೆಲವಿದೆ. ಉತ್ತರದ್ದು ಡಾರ್ಕ್ ಪೀಕ್: ಕಪ್ಪು ಮರಳುಗಲ್ಲು, ಜೌಗು, ಗಾಳಿ ಬೀಸುವ ಬೋಳು ಬಯಲು. ದಕ್ಷಿಣದ್ದು ವೈಟ್ ಪೀಕ್: ಸುಣ್ಣಕಲ್ಲಿನ ಎತ್ತರದ ಹಸಿರು ಬಯಲು, ಅದನ್ನು ಸೀಳಿ ಹರಿಯುವ ಸಣ್ಣ ಹೊಳೆಗಳು, ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ ಬೆಳ್ಳನೆಯ ಗೋಡೆಗಳು. ಟ್ಯಾಂಡೆಮ್‌ಗೆ ವೈಟ್ ಪೀಕೇ ಸರಿ. ಡಾರ್ಕ್ ಪೀಕನ್ನು ನಡೆಯುವವರಿಗೆ ಬಿಟ್ಟುಬಿಡಿ.

ಕಾರಣ ಸರಳ. ವೈಟ್ ಪೀಕ್‌ನಲ್ಲಿ ಹಳೆಯ ರೈಲುದಾರಿಗಳಿವೆ. ಅರವತ್ತರ ದಶಕದಲ್ಲಿ ಬ್ರಿಟನ್ ತನ್ನ ಸಣ್ಣ ರೈಲುಮಾರ್ಗಗಳನ್ನು ಸಾಲು ಸಾಲಾಗಿ ಮುಚ್ಚಿದಾಗ ಇಲ್ಲಿನ ಹಳಿಗಳೂ ಎದ್ದುಹೋದವು. ಆಮೇಲೆ ಆ ದಾರಿಗಳು ನಡಿಗೆಗೆ, ಕುದುರೆಗೆ, ಸೈಕಲ್ಲಿಗೆ ತೆರೆದುಕೊಂಡವು. ಉಗಿಬಂಡಿ ಎಳೆಯಬಲ್ಲ ಏರು ಎಂದರೆ ಇಬ್ಬರು ಕೂತು ಮಾತಾಡುತ್ತಾ ತುಳಿಯಬಲ್ಲ ಏರು. ಕಣಿವೆ ಬಂದಲ್ಲಿ ಸೇತುವೆ, ಗುಡ್ಡ ಬಂದಲ್ಲಿ ಸುರಂಗ. ಇಂಜಿನಿಯರುಗಳು ನಿಮ್ಮ ಕೆಲಸವನ್ನು ಆಗಲೇ ಮಾಡಿಟ್ಟಿದ್ದಾರೆ.

ಟ್ರೇಲ್ ಎಂದು ಕರೆಯುವ ಈ ದಾರಿಗಳಲ್ಲಿ ನೆನಪಿಡಬೇಕಾದವು ಮೂರು. ಆಶ್ಬೋರ್ನ್ ಪಟ್ಟಣದಿಂದ ಪಾರ್ಸ್ಲಿ ಹೇ ತನಕ 21 ಕಿಲೋಮೀಟರಿನ ಟಿಸ್ಸಿಂಗ್ಟನ್ ಟ್ರೇಲ್. ಕ್ರಾಮ್‌ಫರ್ಡ್ ಬಳಿಯಿಂದ ಡೋಲೋ ತನಕ ಸುಮಾರು 27 ಕಿಲೋಮೀಟರಿನ ಹೈ ಪೀಕ್ ಟ್ರೇಲ್. ಪಾರ್ಸ್ಲಿ ಹೇ ಹತ್ತಿರ ಇದು ಟಿಸ್ಸಿಂಗ್ಟನ್ ಟ್ರೇಲನ್ನು ಕೂಡಿಕೊಳ್ಳುತ್ತದೆ. ಮೂರನೆಯದು ಬೇಕ್‌ವೆಲ್‌ನಿಂದ ಬ್ಲ್ಯಾಕ್‌ವೆಲ್ ಮಿಲ್ ತನಕ ಸುಮಾರು 14 ಕಿಲೋಮೀಟರಿನ ಮಾನ್ಸಲ್ ಟ್ರೇಲ್. ಮೊದಲೆರಡಕ್ಕೂ ಮೂರನೆಯದಕ್ಕೂ ನಡುವೆ ಮಾತ್ರ ಮಾಮೂಲಿ ರಸ್ತೆಯಲ್ಲಿ ಇಳಿದು ಹತ್ತಬೇಕು.

ಹೈ ಪೀಕ್ ಟ್ರೇಲ್ ವಿಚಾರದಲ್ಲಿ ಒಂದು ಎಚ್ಚರಿಕೆ. 1830ರ ಆಸುಪಾಸಿನಲ್ಲಿ ಕಟ್ಟಿದ ಈ ಮಾರ್ಗವನ್ನು ಕಾಲುವೆ ಕಟ್ಟುವವರ ಬುದ್ಧಿಯಿಂದ ರೂಪಿಸಿದ್ದರು. ಕಾಲುವೆಯಲ್ಲಿ ದೋಣಿಗೆ ಮೆಟ್ಟಿಲು ಕಟ್ಟುವಂತೆ ಇಲ್ಲಿಯೂ ಉದ್ದಕ್ಕೆ ಸಮತಟ್ಟು, ನಡುವೆ ಒಮ್ಮೆಲೇ ಕಡಿದಾದ ಏರು. ಸಮತಟ್ಟಿನಲ್ಲಿ ಕುದುರೆ ಎಳೆಯುತ್ತಿತ್ತು. ಏರಿನಲ್ಲಿ ಮೇಲೆ ನೆಟ್ಟ ಉಗಿಯಂತ್ರ ಬಂಡಿಗಳನ್ನು ಹಗ್ಗ ಸರಪಣಿಗಳಿಂದ ಸೆಳೆಯುತ್ತಿತ್ತು. ಕ್ರಾಮ್‌ಫರ್ಡ್ ಕಡೆಯಿಂದ ಹೊರಟರೆ ಎಂಟಕ್ಕೆ ಒಂದರಷ್ಟು ಕಡಿದಾದ ಏರುಗಳು ಎದುರಾಗುತ್ತವೆ, ಅಂದರೆ ಶೇಕಡ 12ಕ್ಕೂ ಮೇಲೆ. ಅಲ್ಲಿ ನಿಮ್ಮನ್ನು ಎಳೆಯಲು ಈಗ ಯಂತ್ರವಿಲ್ಲ. ಹಾಗಾಗಿ ಹಳೆಯ ಯಂತ್ರಗೃಹ ಇನ್ನೂ ನಿಂತಿರುವ ಮಿಡಲ್‌ಟನ್ ಟಾಪ್‌ನಿಂದ ಶುರುಮಾಡುವುದು ಜಾಣತನ. ಮುಂದೆ ಹಾಪ್ಟನ್ ಏರು ಬರುತ್ತದೆ, ಹದಿನಾಲ್ಕಕ್ಕೆ ಒಂದು. ಅದನ್ನು ಸಣ್ಣ ಗೇರಿನಲ್ಲಿ ದಾಟಬಹುದು. ಕ್ರಾಮ್‌ಫರ್ಡ್ ಊರನ್ನು ಮಾತ್ರ ಬಿಡಬೇಡಿ, ಬಸ್ಸಿನಲ್ಲಾದರೂ ಹೋಗಿ ಬನ್ನಿ. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಹಾಕಿದ ಜಾಗವದು. ಕೈಮಗ್ಗದ ಊರುಗಳಿಂದ ಬಂದ ನಮ್ಮಂಥವರಿಗೆ ಆ ಕಲ್ಲಿನ ಕಟ್ಟಡದ ಎದುರು ನಿಂತಾಗ ಬರುವ ಯೋಚನೆಗಳು ಬೇರೆಯೇ.

ವಿನ್ನಾಟ್ಸ್ ಪಾಸ್ ಎಂಬ ಹೆಸರನ್ನು ಸೈಕಲ್ ಮಂದಿಯ ಬಾಯಲ್ಲಿ ಕೇಳುತ್ತೀರಿ. ಕ್ಯಾಸಲ್ಟನ್ ಹಳ್ಳಿಯಿಂದ ಮೇಲಕ್ಕೆ, ಎರಡೂ ಕಡೆ ಸುಣ್ಣಕಲ್ಲಿನ ಬಂಡೆಗಳ ನಡುವೆ, ಐದಕ್ಕೆ ಒಂದರಷ್ಟು ಕಡಿದಾದ ರಸ್ತೆ. ಪಕ್ಕದ ಮ್ಯಾಮ್ ಟಾರ್ ಗುಡ್ಡ ಜಾರುತ್ತಲೇ ಇದ್ದುದರಿಂದ ಅದರ ಬುಡದ ಮುಖ್ಯರಸ್ತೆಯನ್ನು 1979ರಲ್ಲಿ ಶಾಶ್ವತವಾಗಿ ಮುಚ್ಚಿದರು. ಆ ಕಡೆಯ ಕಾರುಗಳೆಲ್ಲ ಈಗ ವಿನ್ನಾಟ್ಸ್ ಹಿಡಿಯುತ್ತವೆ. ಟ್ಯಾಂಡೆಮ್‌ನಲ್ಲಿ ಹತ್ತುವುದು ಕಷ್ಟ, ಇಳಿಯುವುದು ಅದಕ್ಕಿಂತ ಅಪಾಯ. ನಡೆದು ನೋಡಿ, ಚಂದವಿದೆ.

ಸೈಕಲ್ ಒಯ್ಯಬೇಡಿ, ಅಲ್ಲೇ ಪಡೆಯಿರಿ

ಎರಡೂವರೆ ಮೀಟರಿನ ಹತ್ತಿರ ಉದ್ದದ ಸೈಕಲ್ಲನ್ನು ಬೆಂಗಳೂರಿನಿಂದ ವಿಮಾನದಲ್ಲಿ ಸಾಗಿಸುವ ಯೋಚನೆ ಬೇಡ. ಬ್ರಿಟನ್ನಿನೊಳಗೂ ರೈಲಿನಲ್ಲಿ ಟ್ಯಾಂಡೆಮ್ ಹತ್ತಿಸಲು ಹಲವು ಕಂಪನಿಗಳು ಒಪ್ಪುವುದಿಲ್ಲ. ಒಪ್ಪುವವರೂ ಮೊದಲೇ ಜಾಗ ಕಾಯ್ದಿರಿಸಲು ಹೇಳುತ್ತಾರೆ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಡರ್ಬಿಗೆ ರೈಲಿನಲ್ಲಿ ಒಂದೂವರೆ ಗಂಟೆ, ಡರ್ಬಿಯಿಂದ ಆಶ್ಬೋರ್ನ್‌ಗೆ ಬಸ್ಸು. ಮ್ಯಾಂಚೆಸ್ಟರ್‌ನಲ್ಲಿ ಇಳಿಯುವವರಿಗೆ ಬಕ್ಸ್‌ಟನ್ ತನಕ ರೈಲಿದೆ.

ಈ ಟ್ರೇಲ್‌ಗಳ ಪಕ್ಕದಲ್ಲೇ ಬಾಡಿಗೆ ಸೈಕಲ್ ಕೇಂದ್ರಗಳಿವೆ: ಆಶ್ಬೋರ್ನ್, ಪಾರ್ಸ್ಲಿ ಹೇ, ಬೇಕ್‌ವೆಲ್ ಸಮೀಪದ ಹಾಸಪ್ ಸ್ಟೇಷನ್. ಇಂಥ ಕಡೆ ಬಾಡಿಗೆ ಸಾಮಾನ್ಯವಾಗಿ ದಿನದ ಲೆಕ್ಕ. ಸಂಜೆ ಮುಚ್ಚುವ ಮೊದಲು ಮರಳಿಸಬೇಕು. ವಾರಕ್ಕೆ ಬೇಕಾದರೆ ಟ್ಯಾಂಡೆಮ್‌ಗಳನ್ನೇ ಮಾರುವ, ಬಾಡಿಗೆಗೆ ಕೊಡುವ ವಿಶೇಷ ಅಂಗಡಿಗಳನ್ನು ಹುಡುಕಬೇಕು. ಜೋಡಿ ಸೈಕಲ್ ಎಂದೂ ಹತ್ತದವರಿಗೆ ನನ್ನ ಸಲಹೆ ಇಷ್ಟೇ: ಒಂದೇ ಊರಿನಲ್ಲಿ ತಂಗಿ, ದಿನಕ್ಕೊಂದು ಟ್ರೇಲ್ ಎಂಬಂತೆ ದಿನಬಾಡಿಗೆಯಲ್ಲೇ ಸುತ್ತಿ. ಸಾಮಾನು ಹೊರುವ ಕಷ್ಟವಿಲ್ಲ, ಇಬ್ಬರಿಗೆ ಹೊಂದದಿದ್ದರೆ ಮಾರನೆಯ ದಿನ ಎರಡು ಬೇರೆ ಸೈಕಲ್ ತೆಗೆದುಕೊಂಡರೆ ಮುಗಿಯಿತು. ಊರಿಂದ ಊರಿಗೆ ಸಾಗುವ ಪ್ರವಾಸ ಎರಡನೆಯ ಸಲಕ್ಕಿರಲಿ.

ಕಾಯ್ದಿರಿಸುವಾಗ ಇಬ್ಬರ ಎತ್ತರ, ಇಬ್ಬರ ಒಟ್ಟು ತೂಕ ಹೇಳಿ. ಬಾಡಿಗೆ ಟ್ಯಾಂಡೆಮ್‌ಗಳು ಒಂದೆರಡು ಅಳತೆಯಲ್ಲಷ್ಟೇ ಇರುತ್ತವೆ. ಐದಡಿಯ ಹಿಂದಿನ ಸವಾರರಿಗೆ ಸೀಟು ಸಾಕಷ್ಟು ಇಳಿಯುತ್ತದೆಯೇ ಎಂದು ಕೇಳಲೇಬೇಕು. ಇನ್ನು ಗೇರು. ಮುಂದಿನ ಹಲ್ಲುಚಕ್ರಗಳಲ್ಲಿ ಅತಿ ಚಿಕ್ಕದರ ಹಲ್ಲು ಹಿಂದಿನ ಅತಿ ದೊಡ್ಡದರ ಹಲ್ಲಿಗಿಂತ ಕಡಿಮೆ ಇರಬೇಕು, ಉದಾಹರಣೆಗೆ ಮುಂದೆ 26, ಹಿಂದೆ 34. ಆಗ ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದು ಸುತ್ತಿಗಿಂತ ಕಡಿಮೆ ತಿರುಗುತ್ತದೆ. ಕೂತೇ ಹತ್ತಲು ಅದು ಬೇಕು. ಹಿಂದಿನ ಸೀಟಿಗೆ ಸ್ಪ್ರಿಂಗ್ ಇರುವ ಕಂಬ ಇದ್ದರೆ ಇನ್ನೂ ಒಳ್ಳೆಯದು. ಗುಂಡಿ ಬರುವುದು ಮುಂದಿನವರಿಗೆ ಕಾಣುತ್ತದೆ, ಹಿಂದಿನವರಿಗೆ ತಾಗಿದಾಗಲೇ ಗೊತ್ತು.

ಬ್ಯಾಟರಿ ನೆರವಿನ ಟ್ಯಾಂಡೆಮ್ ಸಿಕ್ಕರೆ ಸಂಕೋಚಪಡಬೇಡಿ. ಮೋಟಾರು 250 ವ್ಯಾಟ್ ಮೀರದೆ, ಗಂಟೆಗೆ 15.5 ಮೈಲಿ ವೇಗಕ್ಕೆ ನೆರವು ನಿಂತರೆ ಅಲ್ಲಿನ ಕಾನೂನಿಗೆ ಅದು ಸೈಕಲ್ಲೇ, ಲೈಸೆನ್ಸ್ ಬೇಕಿಲ್ಲ. ಇಬ್ಬರಲ್ಲಿ ಒಬ್ಬರು ಸೈಕಲ್ ತುಳಿಯುವವರು, ಇನ್ನೊಬ್ಬರು ಅವರ ಒತ್ತಾಯಕ್ಕೆ ಬಂದವರು ಎಂಬ ಜೋಡಿಗೆ ಇದು ವರದಾನ.

ಮುಂದೆ ಯಾರು, ಹಿಂದೆ ಯಾರು

ಮುಂದಿನ ಸವಾರನನ್ನು ಕ್ಯಾಪ್ಟನ್, ಹಿಂದಿನವರನ್ನು ಸ್ಟೋಕರ್ ಎಂದು ಟ್ಯಾಂಡೆಮ್ ಬಳಗ ಕರೆಯುತ್ತದೆ. ಹ್ಯಾಂಡಲ್, ಬ್ರೇಕ್, ಗೇರ್ ಎಲ್ಲವೂ ಮುಂದಿನವರ ಕೈಯಲ್ಲಿ. ಎಡಗಡೆಯ ಒಂದು ಚೈನು ಇಬ್ಬರ ಪೆಡಲುಗಳನ್ನೂ ಕಟ್ಟಿಹಾಕಿರುತ್ತದೆ. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು, ಒಬ್ಬರು ನಿಂತರೆ ಇಬ್ಬರೂ ನಿಲ್ಲಬೇಕು. ಇದನ್ನು ತಿಳಿಯದೆ ಹೊರಟವರಿಗೆ ಮೊದಲ ನೂರು ಮೀಟರಿನಲ್ಲೇ ಜಗಳ ಖಚಿತ. ಸಾಮಾನ್ಯವಾಗಿ ತೂಕ ಹೆಚ್ಚಿರುವವರು, ಸೈಕಲ್ ಹಿಡಿತ ಚೆನ್ನಾಗಿರುವವರು ಮುಂದೆ ಕೂರುತ್ತಾರೆ. ಗಂಡಸೇ ಮುಂದಿರಬೇಕೆಂಬ ಶಾಸ್ತ್ರವೇನೂ ಇಲ್ಲ. ಸೈಕಲ್ ಹೆಚ್ಚು ತುಳಿದ ಅನುಭವ ಹೆಂಡತಿಗಿದ್ದರೆ, ತೂಕದಲ್ಲಿ ಭಾರೀ ಅಂತರವಿಲ್ಲದಿದ್ದರೆ, ಆಕೆಯೇ ಮುಂದಿರಲಿ.

ಹತ್ತುವ ಕ್ರಮ ಹೀಗೆ. ಮುಂದಿನವರು ಸೈಕಲ್ಲನ್ನು ಕಾಲುಗಳ ನಡುವೆ ಇಟ್ಟುಕೊಂಡು, ಪಾದ ಅಗಲಿಸಿ ನೆಲಕ್ಕೂರಿ, ಎರಡೂ ಬ್ರೇಕ್ ಬಿಗಿಹಿಡಿದು ನಿಲ್ಲಬೇಕು. ಪಾದ ಅಗಲಿಸದಿದ್ದರೆ ಹಿಂದಿನವರು ಪೆಡಲ್ ಸರಿಮಾಡುವಾಗ ಮುಂದಿನವರ ಕಣಕಾಲಿಗೆ ಏಟು. ಆಮೇಲೆ ಹಿಂದಿನವರು ಹತ್ತಿ ಕೂತು, ಎರಡೂ ಪಾದ ಪೆಡಲಿನ ಮೇಲಿಟ್ಟು, ಮುಂದಿನವರಿಗೆ ಬೇಕಾದ ಪೆಡಲ್ ಮೇಲೆ ಬರುವಂತೆ ತಿರುಗಿಸಿ ಹೇಳಬೇಕು. ‘ಹೊರಡೋಣ’ ಎಂದಾಗ ಇಬ್ಬರೂ ಒಟ್ಟಿಗೆ ಒತ್ತುವುದು. ಸಿಗ್ನಲ್‌ನಲ್ಲೋ ಗೇಟಿನ ಬಳಿಯೋ ನಿಂತಾಗ ಹಿಂದಿನವರು ಕಾಲು ಕೆಳಗಿಡುವುದೇ ಇಲ್ಲ; ಸೈಕಲ್ಲನ್ನೂ ಅವರನ್ನೂ ನಿಲ್ಲಿಸಿ ಹಿಡಿಯುವ ಹೊಣೆ ಮುಂದಿನವರದು. ಇದಕ್ಕೆ ನಂಬಿಕೆ ಬೇಕು. ಖಾಲಿ ಮೈದಾನದಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಅರ್ಧ ಗಂಟೆ ಅಭ್ಯಾಸ ಮಾಡಿದರೆ ನಂಬಿಕೆ ಬರುತ್ತದೆ.

ಮಾತು ಅತಿ ಮುಖ್ಯ. ಗೇರ್ ಬದಲಿಸುವಾಗ ಇಬ್ಬರೂ ಒತ್ತಡ ಸಡಿಲಿಸದಿದ್ದರೆ ಚೈನು ಕಿತ್ತುಬರುವಂತೆ ಕಿರುಗುಟ್ಟುತ್ತದೆ, ಕೆಲವೊಮ್ಮೆ ಹರಿದೇಹೋಗುತ್ತದೆ. ‘ಗೇರು’, ‘ಗುಂಡಿ’, ‘ಬಿಡು’, ‘ತುಳಿ’, ‘ನಿಲ್ಸು’ ಎಂಬ ಐದು ಪದ ಸಾಕು. ಕನ್ನಡದಲ್ಲೇ ಕೂಗಿ, ಸುತ್ತಲಿನವರಿಗೆ ಅರ್ಥವಾಗುವುದಿಲ್ಲ ಎಂಬ ಸುಖವೂ ಇದೆ. ‘ನಿಲ್ಸು’ ಎಂದು ಯಾರು ಅಂದರೂ ಕಾರಣ ಕೇಳದೆ ನಿಲ್ಲಿಸಬೇಕು; ಈ ಒಪ್ಪಂದ ಮನೆಯಲ್ಲೇ ಆಗಲಿ. ಹಿಂದಿನವರು ಸುಮ್ಮನೆ ಕೂರುವ ಪ್ರಯಾಣಿಕರಲ್ಲ. ನಕ್ಷೆ ನೋಡುವುದು, ಕೈಚಾಚಿ ತಿರುವು ಸೂಚಿಸುವುದು, ಹಿಂದೆ ಬರುವ ಕಾರಿನ ಸುದ್ದಿ ಹೇಳುವುದು, ನೀರಿನ ಬಾಟಲಿ ಮುಂದಕ್ಕೆ ದಾಟಿಸುವುದು, ಗೋಡೆಯಾಚೆಯ ಕುರಿಗಳನ್ನು ನೋಡಿ ವರದಿ ಮಾಡುವುದು ಎಲ್ಲ ಅವರದೇ ಇಲಾಖೆ. ನಿಜ ಹೇಳಬೇಕೆಂದರೆ ದೃಶ್ಯ ಸವಿಯುವ ಭಾಗ್ಯ ಹಿಂದಿನವರಿಗೇ ಹೆಚ್ಚು. ಕಣ್ಣು ಕಾಣದವರು ಹಿಂದೆ ಕೂತು ದೂರದೂರ ಸೈಕಲ್ ತುಳಿಯುವುದಕ್ಕೂ ಇದೇ ವಾಹನ ದಾರಿ ಮಾಡಿಕೊಟ್ಟಿದೆ.

ಏರಿನಲ್ಲಿ, ಇಳಿಜಾರಿನಲ್ಲಿ

ಸಮತಟ್ಟಿನಲ್ಲಿ ಟ್ಯಾಂಡೆಮ್ ಒಂಟಿ ಸೈಕಲ್ಲಿಗಿಂತ ವೇಗ. ಗಾಳಿಗೆ ಎದುರಾಗುವ ಮೈ ಹೆಚ್ಚುಕಡಿಮೆ ಒಬ್ಬರದೇ, ತುಳಿಯುವ ಕಾಲುಗಳು ನಾಲ್ಕು. ಏರಿನಲ್ಲಿ ಗಾಳಿಯ ಲೆಕ್ಕ ಹೋಗಿ ತೂಕದ ಲೆಕ್ಕ ಬರುತ್ತದೆ. ಇಬ್ಬರ ತುಳಿತ ತಾಳ ತಪ್ಪಿದರೆ ಶ್ರಮ ಇನ್ನಷ್ಟು. ಜೊತೆಗೆ ಒಂಟಿ ಸೈಕಲ್ಲಿನ ಸ್ನೇಹಿತರಿದ್ದರೆ ಅವರು ಏರಿನಲ್ಲಿ ಮುಂದೆ ಹೋಗುತ್ತಾರೆ, ಇಳಿಜಾರಿನಲ್ಲಿ ನೀವು ಅವರನ್ನು ಹಿಂದಿಕ್ಕುತ್ತೀರಿ, ಊಟಕ್ಕಷ್ಟೇ ಭೇಟಿ.

ಏರು ಕಂಡ ಕೂಡಲೇ, ಅದು ಕಾಲಿಗೆ ತಾಗುವ ಮೊದಲೇ ಗೇರು ಇಳಿಸಿ. ಎದ್ದು ನಿಂತು ತುಳಿಯುವುದನ್ನು ಹೊಸಬರು ಮರೆತುಬಿಡಬೇಕು. ಒಬ್ಬರು ಎದ್ದರೆ ಸೈಕಲ್ ಅತ್ತಿತ್ತ ಓಲಾಡುತ್ತದೆ. ಕಡಿದಾದ ಏರಿನ ಮಧ್ಯೆ ನಿಂತುಹೋದರೆ ಅಲ್ಲಿಂದಲೇ ಮತ್ತೆ ಹೊರಡಲು ಹೆಣಗಬೇಡಿ. ಇಳಿದು, ಸ್ವಲ್ಪ ಸಮವಾದ ಜಾಗ ಬರುವ ತನಕ ತಳ್ಳಿಕೊಂಡು ಹೋಗಿ. ಅಲ್ಲಿನ ನುರಿತವರೂ ಇದನ್ನೇ ಮಾಡುತ್ತಾರೆ. ಇಬ್ಬರಲ್ಲಿ ಒಬ್ಬರು ತಳ್ಳಿದರೆ ಇನ್ನೊಬ್ಬರು ಕೈ ಬೀಸಿಕೊಂಡು ನಡೆಯಬಹುದು, ಒಂಟಿ ಸೈಕಲ್ಲಿಗರಿಗೆ ಈ ಸೌಲಭ್ಯವಿಲ್ಲ.

ಇಳಿಜಾರೇ ನಿಜವಾದ ಪರೀಕ್ಷೆ. ಇಬ್ಬರ ತೂಕ, ಸಾಮಾನು, ಸೈಕಲ್ ಸೇರಿ ನೂರೈವತ್ತು ಕಿಲೋ ದಾಟುವುದು ಸುಲಭ. ನೋಡನೋಡುತ್ತಾ ಗಂಟೆಗೆ ಅರವತ್ತು ಕಿಲೋಮೀಟರ್. ಉದ್ದಕ್ಕೆ ಬ್ರೇಕ್ ಒತ್ತಿಹಿಡಿದರೆ ಬಿಸಿ ಏರುತ್ತದೆ. ಚಕ್ರದ ಅಂಚನ್ನು ಒತ್ತುವ ಬ್ರೇಕಾದರೆ ಆ ಬಿಸಿಗೆ ಟೈರೇ ಸಿಡಿಯಬಹುದು. ಡಿಸ್ಕ್ ಬ್ರೇಕ್ ಇರುವ ಸೈಕಲ್ ಕೇಳಿ ಪಡೆಯಿರಿ. ವೇಗ ಏರುವ ಮೊದಲೇ ಗಟ್ಟಿಯಾಗಿ ಒತ್ತಿ, ಬಿಟ್ಟು, ಮತ್ತೆ ಒತ್ತಿ. ಮುಂದಿನದು ಹಿಂದಿನದು ಎರಡೂ ಬಳಸಿ. ದೊಡ್ಡ ಇಳಿಜಾರಿನ ನಡುವೆ ಗೇಟು ಸಿಕ್ಕಿದರೆ ಅದೇ ನೆಪವಾಗಿ ನಿಂತು ತಣಿಯಲು ಬಿಡಿ, ಡಿಸ್ಕನ್ನು ಮಾತ್ರ ಮುಟ್ಟಬೇಡಿ. ದನಕರು ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳು ಜೋಡಿಸಿರುತ್ತಾರೆ. ಅದನ್ನು ಓರೆಯಾಗಿ ದಾಟಕೂಡದು, ಮೇಲೆ ಬ್ರೇಕ್ ಹಾಕಕೂಡದು. ನೇರ ಹೋಗಿ, ಮಳೆ ಬಿದ್ದಿದ್ದರೆ ಇಳಿದು ತಳ್ಳಿ.

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಕಾಗದದ ನಕ್ಷೆ ಕೊಳ್ಳುವುದು ಹಳೆಯ ಕಾಲದ ಚಟ ಎನಿಸಬಹುದು. ಆದರೆ ವೈಟ್ ಪೀಕ್‌ನ ನಕ್ಷೆ, ಓ.ಎಲ್. 24, ನಿಮಗೆ ಮೊಬೈಲ್ ಹೇಳದ ಸಂಗತಿ ಹೇಳುತ್ತದೆ. ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಏರು ಶೇಕಡ 14ರಿಂದ 20. ಎರಡು ಬಾಣ ಇದ್ದರೆ ಅದಕ್ಕೂ ಕಡಿದು. ಬಾಣದ ಮೊನೆ ಇಳಿಜಾರಿನ ಕಡೆಗೆ. ಎರಡು ಬಾಣದ ರಸ್ತೆ ಎಷ್ಟೇ ಹತ್ತಿರದ ದಾರಿಯಾದರೂ ಸುತ್ತು ಬಳಸಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಆಗಾಗ ಕಾಣೆಯಾಗುತ್ತದೆ ಎಂಬುದೂ ಕಾಗದಕ್ಕೆ ಇನ್ನೊಂದು ಸಮರ್ಥನೆ.

ನಾಲ್ಕು ದಿನದ ಒಂದು ದಾರಿ

ವಾರಬಾಡಿಗೆಯ ಟ್ಯಾಂಡೆಮ್ ಸಿಕ್ಕವರಿಗೆ ಹೀಗೊಂದು ಸುತ್ತು ಹೇಳಬಲ್ಲೆ. ಆಶ್ಬೋರ್ನ್‌ನಿಂದ ಹೊರಡಿ. ಪಟ್ಟಣದ ಅಂಚಿನ ಸುರಂಗ ದಾಟಿ ಸ್ವಲ್ಪ ದೂರದಲ್ಲೇ, ಹಿಂದೆ ರೈಲು ಸೇತುವೆ ಇದ್ದು ಈಗ ಇಲ್ಲದ ಕಡೆ, ದಾರಿ ಹಳ್ಳಕ್ಕೆ ಸರಕ್ಕನೆ ಇಳಿದು ಏರುತ್ತದೆ. ಅದೊಂದು ಬಿಟ್ಟರೆ ಮುಂದಿನದೆಲ್ಲ ಕಾಲಿಗೆ ಗೊತ್ತಾಗದಷ್ಟು ಮೆಲ್ಲನೆಯ ಏರು. ಪಾರ್ಸ್ಲಿ ಹೇ ಮುಟ್ಟುವಷ್ಟರಲ್ಲಿ ಸುಮಾರು 200 ಮೀಟರ್ ಮೇಲೆ ಬಂದಿರುತ್ತೀರಿ. ನಡುವಿನ ಟಿಸ್ಸಿಂಗ್ಟನ್ ಹಳ್ಳಿಯಲ್ಲಿ ನಿಲ್ಲಲೇಬೇಕು. ಈಸ್ಟರ್ ದಿನದಿಂದ ಎಣಿಸಿ ನಲವತ್ತನೆಯ ದಿನದ ಅಸೆನ್ಷನ್ ಹಬ್ಬಕ್ಕೆ ಇಲ್ಲಿನ ಬಾವಿಗಳನ್ನು ಸಿಂಗರಿಸುತ್ತಾರೆ: ಮರದ ಹಲಗೆಗೆ ಹಸಿಜೇಡಿ ಮೆತ್ತಿ, ಅದರ ಮೇಲೆ ಹೂವಿನ ಎಸಳು, ಎಲೆ, ಬೀಜ ಒತ್ತಿ ಚಿತ್ರ ಬರೆಯುವ ಪದ್ಧತಿ. ನೀರಿಗೆ ಕೃತಜ್ಞತೆ ಸಲ್ಲಿಸುವ ಈ ಆಚರಣೆ ಬೇಸಿಗೆಯುದ್ದಕ್ಕೂ ಡರ್ಬಿಶೈರ್‌ನ ಹಳ್ಳಿಯಿಂದ ಹಳ್ಳಿಗೆ ಸಾಗುತ್ತದೆ. ದಿನಾಂಕ ನೋಡಿಕೊಂಡು ಪ್ರವಾಸ ಹೊಂದಿಸುವಷ್ಟು ಚಂದ.

ಆ ರಾತ್ರಿ ಹಾರ್ಟಿಂಗ್ಟನ್. ಹಳ್ಳಿ ಟ್ರೇಲ್‌ನಿಂದ ಕೆಲವು ಕಿಲೋಮೀಟರ್ ಕೆಳಗಿದೆ, ಬೆಳಗ್ಗೆ ಅಷ್ಟನ್ನೂ ಮತ್ತೆ ಹತ್ತಬೇಕು ಎಂಬುದನ್ನು ಮರೆಯಬೇಡಿ. ಸ್ಟಿಲ್ಟನ್ ಚೀಸ್‌ಗೆ ಹೆಸರಾದ ಊರು. ಹದಿನೇಳನೆಯ ಶತಮಾನದ ಹಳೆಯ ಬಂಗಲೆಯೊಂದು ಇಲ್ಲಿ ಯೂತ್ ಹಾಸ್ಟೆಲ್ ಆಗಿದೆ. ಮಾರನೆಯ ದಿನ ಪಾರ್ಸ್ಲಿ ಹೇ, ಮನಿಯಾಶ್ ಮೂಲಕ ಬೇಕ್‌ವೆಲ್. ದೂರ ಇಪ್ಪತ್ತು ಕಿಲೋಮೀಟರ್ ಆಸುಪಾಸು ಅಷ್ಟೇ. ದಾರಿಯಿಂದ ಕೊಂಚ ಒಳಗೆ ಆರ್ಬರ್ ಲೋ ಎಂಬ ನವಶಿಲಾಯುಗದ ಕಲ್ಲಿನ ವರ್ತುಲವಿದೆ. ಐವತ್ತರಷ್ಟು ಸುಣ್ಣಕಲ್ಲಿನ ಚಪ್ಪಡಿಗಳು, ಹೆಚ್ಚುಕಡಿಮೆ ಎಲ್ಲವೂ ಮಲಗಿಕೊಂಡೇ ಇವೆ. ಬೇಕ್‌ವೆಲ್ ಹತ್ತಿರವಾದಂತೆ ಇಳಿಜಾರು ಕಡಿದಾಗುತ್ತದೆ, ಬ್ರೇಕಿನ ಪಾಠ ಇಲ್ಲಿ ನೆನಪಿರಲಿ.

ಮೂರನೆಯ ದಿನ ಪೂರ್ತಿ ಮಾನ್ಸಲ್ ಟ್ರೇಲ್‌ಗೆ ಇಡಿ. ಸಾಮಾನು ಕೋಣೆಯಲ್ಲೇ ಇರಲಿ. ಮಿಡ್‌ಲ್ಯಾಂಡ್ ರೈಲ್ವೆ 1863ರಲ್ಲಿ ಮಾನ್ಸಲ್ ಕಣಿವೆಗೆ ಅಡ್ಡಲಾಗಿ ಹೆಡ್‌ಸ್ಟೋನ್ ಸೇತುವೆ ಕಟ್ಟಿದಾಗ ಲೇಖಕ ಜಾನ್ ರಸ್ಕಿನ್ ಕೆಂಡವಾಗಿದ್ದ. ಬಕ್ಸ್‌ಟನ್ನಿನ ಮೂರ್ಖರು ಬೇಕ್‌ವೆಲ್‌ಗೆ ಬೇಗ ತಲುಪಲೆಂದು ದೇವತೆಗಳ ಕಣಿವೆಯನ್ನು ಹಾಳುಮಾಡಿದರು ಎಂಬುದು ಅವನ ಸಿಟ್ಟು. 1968ರಲ್ಲಿ ರೈಲು ನಿಂತಿತು. ಎರಡು ವರ್ಷದಲ್ಲಿ ಅದೇ ಸೇತುವೆ ಸಂರಕ್ಷಿತ ಸ್ಮಾರಕಗಳ ಪಟ್ಟಿ ಸೇರಿತು. ಇಂದು ಕಣಿವೆಯ ಎಲ್ಲ ಫೋಟೊಗಳಲ್ಲೂ ಇರುವುದು ಅದೇ. ಸುರಂಗಗಳು ಮಾತ್ರ ದಶಕಗಟ್ಟಲೆ ಮುಚ್ಚಿದ್ದು 2011ರಲ್ಲಿ ತೆರೆದವು. ಒಂದೊಂದೂ ಸುಮಾರು 400 ಮೀಟರ್ ಉದ್ದ, ಬೇಸಿಗೆಯಲ್ಲೂ ಒಳಗೆ ತಣ್ಣಗೆ, ಮೇಲಿಂದ ನೀರು ತೊಟ್ಟಿಕ್ಕುತ್ತದೆ. ದೀಪಗಳು ಹಗಲು ಹೊತ್ತಿಗಷ್ಟೇ. ಸಂಜೆ ಆರಿಹೋಗುತ್ತವೆ, ಹಾಗಾಗಿ ಸ್ವಂತ ದೀಪವಿರಲಿ. ಒಳಹೋಗುವ ಮೊದಲು ತಂಪುಕನ್ನಡಕ ತೆಗೆಯಿರಿ, ಬೆಲ್ ಬಾರಿಸಿ, ನಡೆಯುವವರಿಗೆ ಮತ್ತು ಅವರ ನಾಯಿಗಳಿಗೆ ದಾರಿ ಬಿಡಿ.

ದಾರಿಯಲ್ಲಿ ಕ್ರೆಸ್‌ಬ್ರೂಕ್ ಮತ್ತು ಲಿಟನ್ ಹತ್ತಿಗಿರಣಿಗಳು ಕಾಣುತ್ತವೆ. ಈಗ ಅಂದವಾದ ಮನೆಗಳು. ಲಿಟನ್ ಗಿರಣಿಯಲ್ಲಿ ಅನಾಥ ಮಕ್ಕಳನ್ನು ದುಡಿಸಿಕೊಂಡ ಕ್ರೌರ್ಯ ರಾಬರ್ಟ್ ಬ್ಲಿಂಕೊ ಎಂಬವನ ಬಾಲ್ಯದ ಕಥೆಯಾಗಿ 1832ರಲ್ಲಿ ಪುಸ್ತಕವಾಯಿತು. ಇಷ್ಟು ಚೆಲುವಾದ ಕಣಿವೆಯಲ್ಲಿ ಅದು ನಡೆಯಿತೆಂದು ನಂಬುವುದು ಕಷ್ಟ. ಬ್ಲ್ಯಾಕ್‌ವೆಲ್ ಮಿಲ್ ಮುಟ್ಟಿ ಬಂದ ದಾರಿಯಲ್ಲೇ ಮರಳಿ. ಅಲ್ಲಿಂದ ಬಕ್ಸ್‌ಟನ್ನಿಗೆ ಎ6 ಹೆದ್ದಾರಿ ಹಿಡಿಯುವ ಆಸೆ ಬೇಡ. ನಾಲ್ಕನೆಯ ದಿನ ಬೇಕ್‌ವೆಲ್‌ನಿಂದ ಮೇಲೆ ಹತ್ತುವ ಮೊದಲ ಭಾಗವನ್ನು ನಾಚಿಕೆಯಿಲ್ಲದೆ ನಡೆಯಿರಿ. ಪಾರ್ಸ್ಲಿ ಹೇ ಸೇರಿದ ಮೇಲೆ ಆಶ್ಬೋರ್ನ್ ತನಕ ಹೆಚ್ಚುಕಡಿಮೆ ಇಳಿಜಾರೇ.

ಊಟ, ಮಳೆ, ರಸ್ತೆ

ಊಟದ ಹೊತ್ತು ಅಲ್ಲಿ ಕಟ್ಟುನಿಟ್ಟು. ಹಳ್ಳಿಯ ಪಬ್ಬುಗಳ ಅಡಿಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿ ಸಂಜೆಗೆ ತೆರೆಯುವುದುಂಟು. ‘ಮುಂದಿನ ಊರಲ್ಲಿ ತಿನ್ನೋಣ’ ಎಂದವರು ಬಿಸ್ಕತ್ತಿನಲ್ಲಿ ದಿನ ದೂಡಬೇಕಾಗುತ್ತದೆ. ಸಸ್ಯಾಹಾರಕ್ಕೆ ಕೊರತೆಯಿಲ್ಲ: ಸೂಪು, ಬೇಯಿಸಿದ ದೊಡ್ಡ ಆಲೂಗೆಡ್ಡೆಗೆ ಚೀಸು ಇಲ್ಲವೇ ಬೀನ್ಸು, ಚೀಸ್ ಈರುಳ್ಳಿ ಪೈ. ಹೆಸರಾಂತ ಬೇಕ್‌ವೆಲ್ ಪುಡ್ಡಿಂಗಿನಲ್ಲಿ ಮೊಟ್ಟೆ ಇದೆ. ಚೀಸ್‌ಗಳಲ್ಲಿ ಕೆಲವಕ್ಕೆ ಹಾಲು ಹೆಪ್ಪುಗಟ್ಟಿಸಲು ಪ್ರಾಣಿಮೂಲದ ರೆನೆಟ್ ಬಳಸುತ್ತಾರೆ, ಕಟ್ಟಾ ಸಸ್ಯಾಹಾರಿಗಳು ಕೇಳಿ ತಿನ್ನಿ. ಎಲ್ಲಕ್ಕಿಂತ ನನಗೆ ಮೆಚ್ಚು ಡರ್ಬಿಶೈರ್ ಓಟ್‌ಕೇಕ್: ಓಟ್ಸ್ ಹಿಟ್ಟನ್ನು ಯೀಸ್ಟ್ ಹಾಕಿ ಹುದುಗಿಸಿ ಕಾವಲಿಯ ಮೇಲೆ ಹುಯ್ಯುವುದು. ದಪ್ಪ ದೋಸೆಯ ಅಣ್ಣತಮ್ಮ. ಚಟ್ನಿಪುಡಿ ಜೊತೆಗಿಟ್ಟುಕೊಂಡು ಹೋದವರು ಜಾಣರು.

ಮೇ, ಜೂನ್ ಒಳ್ಳೆಯ ಕಾಲ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕಿರುತ್ತದೆ. ಸೆಪ್ಟೆಂಬರ್ ಕೂಡ ಆದೀತು. ಯಾವ ತಿಂಗಳಾದರೂ ಮಳೆಯಂಗಿ ಮತ್ತು ತೆಳು ಉಣ್ಣೆಯ ಕೈಗವಸು ಬೇಕು. ಏರಿನಲ್ಲಿ ಬೆವೆತ ಮೈ ಇಳಿಜಾರಿನ ಗಾಳಿಗೆ ಥಟ್ಟನೆ ತಣ್ಣಗಾಗುತ್ತದೆ, ಬೆರಳು ಮರಗಟ್ಟಿದರೆ ಬ್ರೇಕ್ ಒತ್ತಲಾಗದು.

ರಸ್ತೆಯ ಎಡಗಡೆಯೇ ಸಂಚಾರ, ಆ ಮಟ್ಟಿಗೆ ನಮಗೆ ಅನುಕೂಲ. ಕಲ್ಲುಗೋಡೆಗಳ ನಡುವಿನ ಕಿರಿದಾದ ದಾರಿಗಳಲ್ಲಿ ಬಿಳಿ ವೃತ್ತಕ್ಕೆ ಕಪ್ಪು ಗೀಟು ಹೊಡೆದ ಫಲಕ ಕಂಡರೆ ಮೋಸಹೋಗಬೇಡಿ: ಕಾರುಗಳು ಅಲ್ಲಿ ಗಂಟೆಗೆ 60 ಮೈಲಿ ವೇಗದಲ್ಲಿ ಬರಬಹುದೆಂದು ಅದರ ಅರ್ಥ. ಆಶ್ಬೋರ್ನ್–ಬಕ್ಸ್‌ಟನ್ ನಡುವಿನ ಎ515ರಲ್ಲಿ ಕಲ್ಲುಗಣಿಯ ಲಾರಿಗಳು ಓಡುತ್ತವೆ. ಅದನ್ನು ಅಡ್ಡ ದಾಟಿ, ಹಿಡಿಯಬೇಡಿ. ‘ಫುಟ್‌ಪಾತ್’ ಎಂದು ಬರೆದ ಹೊಲದ ದಾರಿಯಲ್ಲಿ ಸೈಕಲ್ ಓಡಿಸುವಂತಿಲ್ಲ, ‘ಬ್ರೈಡಲ್‌ವೇ’ಯಲ್ಲಿ ಓಡಿಸಬಹುದು, ಆದರೆ ಕುದುರೆಗೂ ನಡೆಯುವವರಿಗೂ ಮೊದಲ ಹಕ್ಕು. ಕುದುರೆಯ ಹಿಂದಿನಿಂದ ಹೋಗುವಾಗ ದೂರದಿಂದಲೇ ಮಾತನಾಡಿ. ಸದ್ದಿಲ್ಲದೆ ಬರುವ ಉದ್ದನೆಯ ಸೈಕಲ್ಲಿಗೆ ಅದು ಬೆದರುತ್ತದೆ. ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯವಲ್ಲ. ಹಾಕಿಕೊಳ್ಳಿ. ಅಪಘಾತವಾದರೆ 999. ತುರ್ತು ವಿಭಾಗದ ಚಿಕಿತ್ಸೆ ಪ್ರವಾಸಿಗೂ ಉಚಿತ, ಆದರೆ ಆಸ್ಪತ್ರೆಗೆ ದಾಖಲಾದರೆ ಬಿಲ್ಲು ಬರುತ್ತದೆ. ಪ್ರವಾಸ ವಿಮೆ ಸೈಕಲ್ ಸವಾರಿಗೂ ಅನ್ವಯವಾಗುತ್ತದೆಯೇ ಎಂದು ಸಣ್ಣ ಅಕ್ಷರ ಓದಿ.

ಕೊಠಡಿ ಗೊತ್ತುಮಾಡುವಾಗ ಟ್ಯಾಂಡೆಮ್ ಇಡಲು ಬೀಗವಿರುವ ಕೊಟ್ಟಿಗೆ ಇದೆಯೇ ಎಂದು ವಿಚಾರಿಸಿ; ಸಾಮಾನ್ಯ ಸೈಕಲ್ ಪೆಟ್ಟಿಗೆಯೊಳಗೆ ಅದು ಹಿಡಿಯುವುದಿಲ್ಲ. ವಾರಾಂತ್ಯದಲ್ಲಿ ಒಂದೇ ರಾತ್ರಿಗೆ ಕೋಣೆ ಕೊಡಲು ಎಷ್ಟೋ ಮನೆಗಳು ಒಪ್ಪುವುದಿಲ್ಲವಾದ್ದರಿಂದ ಸವಾರಿಯನ್ನು ಸೋಮವಾರದಿಂದ ಗುರುವಾರಕ್ಕೆ ಹೊಂದಿಸಿಕೊಳ್ಳಿ. ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ, ಆಗಸ್ಟ್ ಕೊನೆಯ ಸೋಮವಾರ ಸಾರ್ವತ್ರಿಕ ರಜೆ. ಆಗ ಟ್ರೇಲ್‌ಗಳಲ್ಲಿ ಜಾತ್ರೆ. ಬಾಡಿಗೆ ಕೇಂದ್ರಗಳಲ್ಲಿ ಟ್ಯಾಂಡೆಮ್‌ಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಮೊದಲು ಸೈಕಲ್ ಕಾಯ್ದಿರಿಸಿ, ಆಮೇಲೆ ಕೊಠಡಿ, ವೀಸಾ ಕೈಗೆ ಬಂದ ಮೇಲೆ ವಿಮಾನದ ಟಿಕೆಟ್ಟು.